ನಂದಿ, ಶಿವಗಂಗೆ, ಸಿದ್ಧಗಂಗೆ: ನಮ್ಮ ಸೀಮೆಯ ಗಿರಿತೀರ್ಥಗಳು

ಬೆಂಗಳೂರು ಸೀಮೆಯು ಬರಿಯ ಬಯಲುನಾಡೆಂಬುದು ಹೊರಗಿನಿಂದ ಬಂದವರಲ್ಲಿ ಸಾಮಾನ್ಯವಾಗಿ ಬೇರೂರಿರುವ ಭಾವನೆಯು. ಸಹ್ಯಾದ್ರಿಯ ದಟ್ಟವಾದ ಕಾನನಗಳಾಗಲಿ, ಮಲೆನಾಡಿನ ಜಲಪಾತಗಳಾಗಲಿ ಇಲ್ಲಿಲ್ಲವೆಂಬುದು ದಿಟವೇ. ಆದರೆ ಯಲಹಂಕ ಹೋಬಳಿಯ ಸಿಂಗಾಪುರದಿಂದ ಬೆಳಗಿನ ಜಾವದಲ್ಲಿ ಹೊರಟವನು ಒಂದು ದಿನ ಉತ್ತರಕ್ಕೆ ಸಾಗಿದರೆ ನಂದಿಗಿರಿಯನ್ನೂ, ಮತ್ತೊಂದು ದಿನ ವಾಯವ್ಯದ ತುಮಕೂರು ಹೆದ್ದಾರಿಯನ್ನು ಹಿಡಿದರೆ ಶಿವಗಂಗೆ ಸಿದ್ಧಗಂಗೆಗಳನ್ನೂ ಕಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳಬಹುದಾಗಿದೆ. ಇಷ್ಟು ಸಮೀಪದಲ್ಲಿ ಇಷ್ಟು ಪುರಾತನವಾದ ಗಿರಿಗಳಿರುವ ಭಾಗ್ಯವು ಎಷ್ಟು ಊರುಗಳಿಗೆ ಉಂಟು? ಒಂದು ಕಾಲಕ್ಕೆ ಕೆರೆ, ಹೊಲ, ತೋಪುಗಳ ನಡುವಿನ ಹಳ್ಳಿಯಾಗಿದ್ದ ಸಿಂಗಾಪುರವು ಇಂದು ಮಹಾನಗರದ ಒಡಲಿಗೆ ಸೇರಿಹೋಗಿದೆ. ಅಲ್ಲಿನ ಮಕ್ಕಳು ಬೆಟ್ಟವನ್ನು ನೋಡಬೇಕಾದರೆ ಬಹುಮಹಡಿಯ ಕಟ್ಟಡಗಳ ಮೇಲೇರಿ ನೋಡಬೇಕಾಗಿರುವುದು. ಆದುದರಿಂದಲೇ ಈ ಗಿರಿಗಳ ಚರಿತ್ರೆಯನ್ನು ಶ್ರೀಮಠದ ಭಕ್ತರ ಮುಂದೆ ಸಂಗ್ರಹವಾಗಿ ನಿವೇದಿಸುವುದು ಈ ಶುಭಸಂದರ್ಭದಲ್ಲಿ ಉಚಿತವೆಂದು ತೋರಿತು.

ಇಲ್ಲಿ ಒಂದು ಶಂಕೆಯು ಸಹಜವಾಗಿಯೇ ಏಳಬಹುದು. ದೇಹವನ್ನೇ ದೇಗುಲವೆಂದು ಸಾರಿದ ಶರಣರ ಸಂತತಿಯವರಿಗೆ ಬೆಟ್ಟವೇಕೆ, ತೀರ್ಥವೇಕೆ? ಇಷ್ಟಲಿಂಗವು ಕರಸ್ಥಲದಲ್ಲಿರುವಾಗ ಕಲ್ಲು ಮುಳ್ಳುಗಳನ್ನು ತುಳಿದು ಶಿಖರವನ್ನೇರುವುದರಿಂದ ಬರುವ ಪುಣ್ಯವೇನು? ಪ್ರಶ್ನೆಯು ಯುಕ್ತವಾದುದು. ಹನ್ನೆರಡನೆಯ ಶತಮಾನದ ಶರಣರು ನೀರಿನಲ್ಲಿ ಮುಳುಗಿದ ಮಾತ್ರಕ್ಕೆ ಪಾಪವು ತೊಳೆದುಹೋಗುವುದೆಂಬ ನಂಬಿಕೆಯನ್ನು ನಿಷ್ಠುರವಾಗಿ ಅಲ್ಲಗಳೆದರು. ಆದರೂ ಆ ಮಹನೀಯರು ಗಿರಿಗಳನ್ನು ತೊರೆಯಲಿಲ್ಲ. ಅಲ್ಲಮಪ್ರಭುಗಳ ಅಂಕಿತವೇ ಗುಹೇಶ್ವರ. ಅಕ್ಕಮಹಾದೇವಿಯು ತನ್ನ ಕಡೆಯ ದಿನಗಳನ್ನು ಕಳೆದುದು ಶ್ರೀಶೈಲದ ಕದಳಿಯಲ್ಲಿ ಎಂಬುದು ಸಂಪ್ರದಾಯವು. ಸೊನ್ನಲಿಗೆಯ ಸಿದ್ಧರಾಮನು ಲೋಕಹಿತಕ್ಕಾಗಿ ಕೆರೆಯನ್ನು ಕಟ್ಟಿಸುತ್ತಿದ್ದಾಗ ಅಲ್ಲಮನು ಬಂದು, ಹೊರಗಿನ ಕೆರೆಯೊಂದೇ ಸಾಲದು, ಒಳಗಿನ ಅರಿವೂ ಬೇಕೆಂದು ಎಚ್ಚರಿಸಿದ ಪ್ರಸಂಗವು ಎಲ್ಲರಿಗೂ ವಿದಿತವಾಗಿರುವುದು. ಹೊರಗಿನ ಕೆರೆಯು ವ್ಯರ್ಥವೆಂದು ಅದರ ತಾತ್ಪರ್ಯವಲ್ಲ. ಅರಿವಿಲ್ಲದೆ ಕಟ್ಟಿದ ಕೆರೆಯೂ, ಅರಿವಿಲ್ಲದೆ ಏರಿದ ಬೆಟ್ಟವೂ ಪೂರ್ಣಫಲವನ್ನು ಕೊಡಲಾರವೆಂಬುದೇ ಅದರ ಅಭಿಪ್ರಾಯವು. ಈ ಅರಿವಿನೊಡನೆ ನಮ್ಮ ಗಿರಿಗಳನ್ನು ನೋಡಲು ಹೊರಡೋಣ.

ನಂದಿಗಿರಿ

ಸಿಂಗಾಪುರದಿಂದ ಯಲಹಂಕವನ್ನು ಹಾಯ್ದು, ದೇವನಹಳ್ಳಿಯ ಹಳೆಯ ಕೋಟೆಯ ಬಳಿಯಿಂದ ಮುಂದುವರಿದರೆ ನಂದಿಯ ಶ್ರೇಣಿಯು ಎದುರಿಗೆ ಗೋಡೆಯಂತೆ ಎದ್ದು ನಿಲ್ಲುವುದು. ಇದರ ಎತ್ತರವು ಸಮುದ್ರಮಟ್ಟದಿಂದ ೪,೮೫೧ ಅಡಿಗಳು. ತಲಕಾಡಿನ ಗಂಗ ಅರಸರು ತಮ್ಮ ಬಿರುದಾವಳಿಯಲ್ಲಿ ‘ನಂದಗಿರಿನಾಥ’ರೆಂದು ಕರೆದುಕೊಳ್ಳುತ್ತಿದ್ದರೆಂಬುದರಿಂದ, ಸಾವಿರ ವರ್ಷಗಳಿಗೂ ಹಿಂದೆಯೇ ಈ ಗಿರಿಯ ಒಡೆತನವು ಅರಸರಿಗೆ ಹೆಮ್ಮೆಯ ವಿಷಯವಾಗಿತ್ತೆಂದು ತಿಳಿಯಬಹುದು. ತಪ್ಪಲಿನ ನಂದಿಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯವು ಒಂಬತ್ತನೆಯ ಶತಮಾನದಷ್ಟು ಹಳೆಯದು. ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಬಂದು ಅದನ್ನು ಬೆಳೆಸಿದರು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಜೋಡಿ ಗುಡಿಗಳನ್ನೂ, ಅವುಗಳ ನಡುವಣ ಉಮಾಮಹೇಶ್ವರ ಸನ್ನಿಧಿಯ ಕಲ್ಯಾಣಮಂಟಪದ ಕುಸುರಿಯ ಕಂಬಗಳನ್ನೂ, ಶೃಂಗಿತೀರ್ಥವೆಂಬ ಸೋಪಾನಯುಕ್ತವಾದ ಕಲ್ಯಾಣಿಯನ್ನೂ ನೋಡದೆ ನೇರವಾಗಿ ಬೆಟ್ಟದ ತುದಿಗೆ ಧಾವಿಸುವವನು ಯಾತ್ರೆಯ ಅರ್ಧವನ್ನೇ ಕಳೆದುಕೊಂಡಂತೆ. ಕೆಳಗೆ ಭೋಗನಂದಿ, ಮೇಲೆ ಯೋಗನಂದಿ. ಸಂಸಾರದಿಂದ ವೈರಾಗ್ಯಕ್ಕೆ ಏರುವ ದಾರಿಯನ್ನು ಹಿರಿಯರು ಹೆಸರುಗಳಲ್ಲಿಯೇ ಸೂಚಿಸಿಟ್ಟಿರುವರು.

ಶಿಖರದ ಮೇಲೆ ಯೋಗನಂದೀಶ್ವರ ದೇವಾಲಯವೂ, ಅಮೃತಸರೋವರವೆಂಬ ಕೊಳವೂ, ಕೋಟೆಯ ಪ್ರಾಕಾರವೂ ಇರುವುವು. ಈ ದುರ್ಗವನ್ನು ಹೈದರಾಲಿಯೂ ಟಿಪ್ಪು ಸುಲ್ತಾನನೂ ಬಲಪಡಿಸಿದ್ದರು. ೧೭೯೧ನೆಯ ಇಸವಿ ಅಕ್ಟೋಬರ್ ೧೯ರಂದು ಲಾರ್ಡ್ ಕಾರ್ನ್‌ವಾಲೀಸನ ಸೈನ್ಯವು ಇದನ್ನು ವಶಪಡಿಸಿಕೊಂಡಿತು. ಅನಂತರದ ದಿನಗಳಲ್ಲಿ ಕಮಿಷನರ್ ಕಬ್ಬನ್ ಸಾಹೇಬನು ಬೇಸಗೆಯನ್ನು ಕಳೆಯಲು ಇಲ್ಲಿ ನಿವಾಸವನ್ನು ಕಟ್ಟಿಸಿದನು. ೧೯೨೭ರಲ್ಲಿ ದೇಹಾಲಸ್ಯಕ್ಕೊಳಗಾದ ಮಹಾತ್ಮಾ ಗಾಂಧಿಯವರು ವಾರಗಟ್ಟಲೆ ಇಲ್ಲಿ ವಿಶ್ರಮಿಸಿ ಚೇತರಿಸಿಕೊಂಡರು. ೧೯೩೬ರಲ್ಲಿ ಮತ್ತೊಮ್ಮೆ ಬಂದು ತಂಗಿದ್ದರು. ಫಿರಂಗಿಯ ಸದ್ದನ್ನು ಕೇಳಿದ ಬಂಡೆಗಳೇ ಅಹಿಂಸಾವ್ರತಿಯ ಪ್ರಾರ್ಥನೆಯನ್ನೂ ಕೇಳಿದುವೆಂಬುದು ಕಾಲದ ವೈಚಿತ್ರ್ಯವಲ್ಲವೆ?

ಆದರೆ ನಂದಿಯ ನಿಜವಾದ ಮಹಿಮೆಯು ಕೋಟೆಯಲ್ಲಿಯೂ ಇಲ್ಲ, ಮುಂಜಾನೆ ಕಣಿವೆಯನ್ನು ತುಂಬಿ ನಿಲ್ಲುವ ಮಂಜಿನಲ್ಲಿಯೂ ಇಲ್ಲ. ಈ ಶ್ರೇಣಿಯಲ್ಲಿಯೂ ಅದರ ನೆರೆಯಲ್ಲಿಯೂ ಅರ್ಕಾವತಿ, ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿ, ಚಿತ್ರಾವತಿ, ಪಾಲಾರ್ ಮೊದಲಾದ ನದಿಗಳು ಹುಟ್ಟುವುವು. ಉತ್ತರಪಿನಾಕಿನಿಯು ಆಂಧ್ರದೇಶವನ್ನು ಹಾಯ್ದು ನೆಲ್ಲೂರಿನ ಬಳಿ ಕಡಲನ್ನು ಸೇರಿದರೆ, ದಕ್ಷಿಣಪಿನಾಕಿನಿಯು ತಮಿಳುನಾಡಿನಲ್ಲಿ ಹರಿದು ಕಡಲೂರಿನ ಬಳಿ ಸಮುದ್ರಗಾಮಿನಿಯಾಗುವುದು. ಅರ್ಕಾವತಿಯು ದಕ್ಷಿಣಕ್ಕೆ ಹರಿದು ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುವುದು. ಎಲ್ಲಿಯೋ ಇರುವ ರೈತನ ಗದ್ದೆಗೂ ನಮ್ಮ ಬೆಟ್ಟಕ್ಕೂ ಇರುವ ನಂಟು ಇಂಥದು.

ಶಿವಗಂಗೆ

ನೆಲಮಂಗಲವನ್ನು ದಾಟಿ ತುಮಕೂರಿನ ಹಾದಿಯಲ್ಲಿ ಹೋಗುವಾಗ ಡಾಬಸ್‌ಪೇಟೆ ಎಂಬ ಊರು ಸಿಕ್ಕುವುದು. ಚಿತ್ರದುರ್ಗ ವಿಭಾಗದ ಅಧಿಕಾರಿಯಾಗಿ ತುಮಕೂರಿನಲ್ಲಿ ಬಹುಕಾಲವಿದ್ದ ಡಾಬ್ಸ್ ಎಂಬ ಆಂಗ್ಲನ ಹೆಸರು ಆ ಪೇಟೆಗೆ ನಿಂತಿತು. ಅಲ್ಲಿಂದ ಕೆಲವೇ ಕಿಲೋಮೀಟರುಗಳಲ್ಲಿ ಶಿವಗಂಗೆಯು ಒಂಟಿಯಾಗಿ ಬಾನೆತ್ತರಕ್ಕೆ ನಿಂತಿರುವುದು. ಸಮುದ್ರಮಟ್ಟದಿಂದ ಸುಮಾರು ೪,೫೦೦ ಅಡಿ ಎತ್ತರವಾದ ಈ ಗಿರಿಗೆ ಪುರಾಣಗಳಲ್ಲಿ ಕಕುದ್ಗಿರಿಯೆಂದು ಹೆಸರು. ಪೂರ್ವದಿಂದ ನೋಡಿದರೆ ವೃಷಭನಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ಉತ್ತರದಿಂದ ಸರ್ಪದಂತೆಯೂ, ದಕ್ಷಿಣದಿಂದ ಲಿಂಗದಂತೆಯೂ ತೋರುವುದೆಂದು ಜನರು ಹೇಳುವರು. ಶಿಖರಕ್ಕಿರುವ ಮೆಟ್ಟಿಲುಗಳ ಸಂಖ್ಯೆಯು ಇಲ್ಲಿಂದ ಕಾಶಿಗಿರುವ ಯೋಜನಗಳ ಸಂಖ್ಯೆಗೆ ಸಮವೆಂಬ ನಂಬಿಕೆಯಿಂದ ಇದು ದಕ್ಷಿಣಕಾಶಿಯೆಂದೂ ಪ್ರಸಿದ್ಧವಾಗಿದೆ. ಕಾಶಿಗೆ ಹೋಗಲಾರದ ಬಡವನಿಗೂ ಕಾಶಿಯನ್ನು ಹತ್ತಿರಕ್ಕೆ ತಂದುಕೊಟ್ಟ ಈ ಎಣಿಕೆಯಲ್ಲಿ ಎಂಥ ಕರುಣೆಯಿದೆ!

ಮೊದಲು ದೊರೆಯುವುದು ಗುಹೆಯೊಳಗಿನ ಗಂಗಾಧರೇಶ್ವರ ಸನ್ನಿಧಿ. ಇಲ್ಲಿ ಲಿಂಗಕ್ಕೆ ಸವರಿದ ತುಪ್ಪವು ಬೆಣ್ಣೆಯಾಗುವುದೆಂಬ ಪ್ರತೀತಿಯುಂಟು. ಸಮೀಪದಲ್ಲಿಯೇ ಹೊನ್ನಾದೇವಿಯ ಗುಹಾಲಯವೂ, ಬಂಡೆಯ ಗರ್ಭದಲ್ಲಿ ನೀರು ನಿಂತಿರುವ ಪಾತಾಳಗಂಗೆಯೂ ಇರುವುವು. ಮೇಲೇರಿದರೆ ಒಳಕಲ್ಲು ತೀರ್ಥವು. ಒರಳಿನಂತಿರುವ ಕಿರಿದಾದ ಕುಳಿಯಲ್ಲಿ ಕೈಯಿಳಿಸಿ ನೀರನ್ನು ಮುಟ್ಟುವ ಯಾತ್ರಿಕರ ಸಾಲನ್ನು ಅಲ್ಲಿ ನಿತ್ಯವೂ ಕಾಣಬಹುದು. ಇನ್ನೂ ಮೇಲೆ, ಕಬ್ಬಿಣದ ಕಂಬಿಗಳನ್ನು ಹಿಡಿದು ಹತ್ತಬೇಕಾದ ಕಡಿದಾದ ಬಂಡೆಯಾಚೆ, ಒಂದೇ ಕಲ್ಲಿನಲ್ಲಿ ಕಡೆದ ನಂದಿಯು ಮಲಗಿರುವುದು. ಮಕರಸಂಕ್ರಾಂತಿಯಂದು ತುದಿಯಲ್ಲಿರುವ ತೀರ್ಥದ ಕಂಬದ ಬಳಿ ಗಂಗೋದ್ಭವವಾಗುವುದೆಂದೂ, ಆ ತೀರ್ಥದಿಂದಲೇ ಕೆಳಗೆ ಗಂಗಾಧರೇಶ್ವರನ ಕಲ್ಯಾಣವು ನೆರವೇರಬೇಕೆಂದೂ ಸಂಪ್ರದಾಯವು ನಡೆದುಬಂದಿದೆ. ಗಮನಿಸಬೇಕಾದುದೇನೆಂದರೆ, ಈ ಗಿರಿಯ ಒಂದೊಂದು ನೆಲೆಯೂ ನೀರಿನ ನೆಲೆಯೇ. ಹೆಸರಿನಲ್ಲಿಯೇ ಗಂಗೆಯಿರುವಾಗ ಬೇರೆ ಸಾಕ್ಷಿಯೇಕೆ?

ಚರಿತ್ರೆಯಲ್ಲಿ ಶಿವಗಂಗೆಯು ಯಾವೊಂದು ಪಂಗಡಕ್ಕೂ ಮಾತ್ರ ಸೇರಿದ ಗಿರಿಯಾಗಿರಲಿಲ್ಲ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿಯೂ ಜಿನಭಕ್ತೆಯೂ ಆದ ಶಾಂತಲಾದೇವಿಯು ಕ್ರಿ. ಶ. ೧೧೩೧ರಲ್ಲಿ ಈ ಕ್ಷೇತ್ರದಲ್ಲಿಯೇ ದೇಹತ್ಯಾಗ ಮಾಡಿದಳೆಂದು ಶ್ರವಣಬೆಳಗೊಳದ ಶಾಸನವು ತಿಳಿಸುವುದು. ಮಗಳ ಅಗಲಿಕೆಯನ್ನು ಸಹಿಸಲಾರದೆ ತಾಯಿ ಮಾಚಿಕಬ್ಬೆಯು ಬೆಳಗೊಳದಲ್ಲಿ ಸನ್ಯಸನವ್ರತವನ್ನು ಕೈಕೊಂಡು ಮುಡಿಪಿದಳು. ಬೆಟ್ಟದ ತುದಿಯಿಂದ ರಾಣಿಯು ಧುಮುಕಿದಳೆಂಬ ಜನಜನಿತವಾದ ಕಥೆಯು ಶಾಸನದಲ್ಲಿಲ್ಲ. ಆ ಹೆಸರಿನಿಂದ ಜನರು ತೋರಿಸುವ ಪ್ರಪಾತದ ಅಂಚಿನಲ್ಲಿ ನಿಲ್ಲುವ ಯಾತ್ರಿಕನು ಕಥೆಗಿಂತ ಶಾಸನವನ್ನು ನೆನೆದರೆ ಆ ಸಾಧ್ವಿಯ ಸ್ಮೃತಿಗೆ ನ್ಯಾಯ ಸಲ್ಲಿಸಿದಂತಾಗುವುದು. ಯಲಹಂಕ ನಾಡಪ್ರಭುಗಳಿಗೂ ಈ ಗಿರಿಯಲ್ಲಿ ಅಪಾರವಾದ ಭಕ್ತಿಯಿತ್ತು. ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡರ ಲೋಹಪ್ರತಿಮೆಯನ್ನು ಅವರ ಮರಣಾನಂತರ, ೧೬೦೯ರಲ್ಲಿ, ಗಂಗಾಧರೇಶ್ವರನ ಸನ್ನಿಧಿಯಲ್ಲಿ ಸ್ಥಾಪಿಸಿದರು. ಯಲಹಂಕದ ಮಗನು ಕೈಮುಗಿದು ನಿಂತಿರುವುದು ತನ್ನ ನಗರದಲ್ಲಲ್ಲ, ಈ ಬೆಟ್ಟದಲ್ಲಿ! ಶೃಂಗೇರಿಯ ಪರಂಪರೆಗೆ ಸೇರಿದ ಶಾರದಾಪೀಠವೂ, ವೀರಶೈವರ ಮೇಲಣಗವಿ ಮಠವೂ ಇಲ್ಲಿ ನೆಲೆಗೊಂಡು, ಜೈನ, ಸ್ಮಾರ್ತ, ವೀರಶೈವರೆಲ್ಲರಿಗೂ ಒಂದೇ ಗಿರಿಯು ಆಶ್ರಯವಾದುದನ್ನು ಇಂದಿಗೂ ಸಾರುತ್ತಿರುವುವು.

ಎರಡು ಗಿರಿಗಳ ನೀರು

ನಂದಿಯನ್ನೂ ಶಿವಗಂಗೆಯನ್ನೂ ಬೇರೆಬೇರೆಯಾಗಿ ನೋಡಿ ಬಂದವರು ಅವೆರಡನ್ನೂ ಬೆಸೆಯುವ ಸೂತ್ರವೊಂದನ್ನು ಅರಿಯದೆ ಇರಬಹುದು. ಶಿವಗಂಗೆಯ ತಪ್ಪಲಿನಲ್ಲಿ ಕುಮುದ್ವತಿಯೆಂಬ ಕಿರುನದಿಯು ಹುಟ್ಟುವುದು. ನಂದಿಯಿಂದ ಬರುವ ಅರ್ಕಾವತಿಯನ್ನು ಅದು ತಿಪ್ಪಗೊಂಡನಹಳ್ಳಿಯ ಬಳಿ ಕೂಡುವುದು. ಈ ಎರಡು ಗಿರಿಗಳ ನೀರೇ ಬಹುಕಾಲ ಬೆಂಗಳೂರಿನ ದಾಹವನ್ನು ತಣಿಸಿತು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಸಿಂಗಾಪುರದಿಂದ ದೂರವಲ್ಲದ ಹೆಸರಘಟ್ಟದ ಬಳಿ ಅರ್ಕಾವತಿಗೆ ಕೆರೆಯನ್ನು ಕಟ್ಟಿ, ೧೮೯೦ರ ದಶಕದಲ್ಲಿ ನಗರಕ್ಕೆ ಕೊಳವೆಯ ಮೂಲಕ ನೀರನ್ನು ತಂದರು. ಊರು ಬೆಳೆದು ಮಳೆಯು ಕೈಕೊಟ್ಟ ವರ್ಷಗಳಲ್ಲಿ ಆ ನೀರು ಸಾಲದಾಯಿತು. ಆಗ ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನದಲ್ಲಿ ತಿಪ್ಪಗೊಂಡನಹಳ್ಳಿಯ ಸಂಗಮದಲ್ಲಿ ಅಣೆಕಟ್ಟೆಯನ್ನು ಕಟ್ಟಲಾಗಿ, ಚಾಮರಾಜಸಾಗರವೆಂಬ ಆ ಜಲಾಶಯವು ೧೯೩೩ರಲ್ಲಿ ಪೂರ್ಣವಾಯಿತು. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯು ನಂದಿಯ ಬುಡದಲ್ಲಿಯೇ ಇರುವುದು. ನಂದಿಯ ಮಡಿಲಿನ ಮಗನೇ ನಂದಿಯ ನೀರನ್ನು ನಗರದ ಬಾಯಿಗೆ ಮುಟ್ಟಿಸಿದನೆಂದು ಹೇಳಬಹುದು. ೧೯೭೪ರಲ್ಲಿ ಕಾವೇರಿಯ ನೀರು ನಗರಕ್ಕೆ ಬರುವವರೆಗೂ ಬೆಂಗಳೂರು ಬದುಕಿದುದು ಮುಖ್ಯವಾಗಿ ಈ ಎರಡು ಗಿರಿಗಳ ಕೃಪೆಯಿಂದ.

ಇಂಥ ಉಪಕಾರಕ್ಕೆ ನಾವು ಸಲ್ಲಿಸಿದ ಪ್ರತ್ಯುಪಕಾರವೇನು? ಹೇಳಲು ಸಂಕೋಚವಾಗುವುದು. ಹೆಸರಘಟ್ಟದ ಕೆರೆಯು ವರ್ಷಗಟ್ಟಲೆ ಬತ್ತಿ ಹುಲ್ಲುಗಾವಲಿನಂತೆ ಕಂಡಿತು. ಅರ್ಕಾವತಿಯ ಪಾತ್ರದಲ್ಲಿ ಮಳೆಗಾಲದಲ್ಲಿಯೂ ಹೊನಲು ಕಾಣದಾಯಿತು. ಕಾರ್ಖಾನೆಗಳ ಹೊಲಸೂ ಊರ ಕೊಳಚೆಯೂ ಚಾಮರಾಜಸಾಗರಕ್ಕೆ ಹರಿದುಬಂದುವು. ಜಲಾಶಯಕ್ಕೆ ನೀರುಣಿಸುವ ಪ್ರದೇಶವನ್ನು ಕಾಪಾಡಲು ೨೦೦೩ರಲ್ಲಿ ಸರ್ಕಾರವು ನಿಯಮಗಳನ್ನು ವಿಧಿಸಿತು. ಹಾಗಿದ್ದರೂ ಈ ಶತಮಾನದ ಎರಡನೆಯ ದಶಕದಲ್ಲಿ ಅಲ್ಲಿಂದ ನಗರಕ್ಕೆ ನೀರೆತ್ತುವುದನ್ನೇ ನಿಲ್ಲಿಸಬೇಕಾಗಿ ಬಂದಿತು. ಕಾರಣವು ಮಳೆಯ ಕೊರತೆಯೊಂದೇ ಅಲ್ಲ. ಬೋಳುಬಂಡೆಯ ಮೇಲೆ ಬಿದ್ದ ಮಳೆಯು ಬಂಡೆಯ ಬಿರುಕುಗಳಲ್ಲಿ ಇಳಿದು, ತಪ್ಪಲಿನ ಮಣ್ಣಿನಲ್ಲಿ ಇಂಗಿ, ಬೇಸಗೆಯಲ್ಲಿ ಸೆಲೆಯಾಗಿ ಹೊರಡುವುದು ಪ್ರಕೃತಿಯ ಕ್ರಮವು. ತಪ್ಪಲಿನ ಕುರುಚಲು ಕಾಡನ್ನು ಸವರಿ ನೀಲಗಿರಿಯ ಮರಗಳನ್ನು ಬೆಳೆಸಿದುದು, ಕೆರೆಗಳಿಗೆ ನೀರು ತರುವ ಕಾಲುವೆಗಳನ್ನು ಮುಚ್ಚಿದುದು, ನೂರಾರು ಅಡಿಗಳ ಆಳಕ್ಕೆ ಕೊಳವೆಬಾವಿಗಳನ್ನು ಕೊರೆದುದು, ಕಲ್ಲಿನ ಆಸೆಗಾಗಿ ಗುಡ್ಡಗಳನ್ನೇ ಸಿಡಿಮದ್ದಿನಿಂದ ಒಡೆದುದು, ಇವೆಲ್ಲವೂ ಸೇರಿ ಆ ಕ್ರಮವನ್ನು ಕೆಡಿಸಿದುವು. ಬೆಟ್ಟದ ಸೊಬಗನ್ನು ಸವಿಯಲು ಹೋಗುವವನು ಬೆಟ್ಟದ ಕಲ್ಲಿನಿಂದಲೇ ಮನೆ ಕಟ್ಟಿಸಿದವನೂ ಆಗಿರುವನೆಂಬುದನ್ನು ಮರೆಯಬಾರದು.

ಸಿದ್ಧಗಂಗೆ

ನೀರನ್ನು ಪಡೆದವನು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ನಿದರ್ಶನವು ಬೇಕಾದರೆ ತುಮಕೂರಿನ ದಾರಿಯಲ್ಲಿಯೇ ಇನ್ನಷ್ಟು ಮುಂದುವರಿದು ಕ್ಯಾತ್ಸಂದ್ರದಲ್ಲಿ ಇಳಿಯಬೇಕು. ಅಲ್ಲಿನ ಗಿರಿಯು ನಂದಿಯಷ್ಟು ಎತ್ತರವಾದುದಲ್ಲ, ಶಿವಗಂಗೆಯಷ್ಟು ಕಡಿದಾದುದೂ ಅಲ್ಲ. ಹದಿನೈದನೆಯ ಶತಮಾನದಲ್ಲಿ ಗೋಸಲ ಸಿದ್ಧೇಶ್ವರರು ನೂರೊಂದು ವಿರಕ್ತರೊಡನೆ ಬಂದು ಈ ಗಿರಿಯ ಗವಿಗಳಲ್ಲಿ ತಪೋನಿರತರಾಗಿದ್ದರೆಂದೂ, ಬಾಯಾರಿದ ವಿರಕ್ತರೊಬ್ಬರಿಗಾಗಿ ಗುರುವು ಮೊಳಕಾಲಿನಿಂದ ಬಂಡೆಯನ್ನೊತ್ತಲು ಗಂಗೆಯು ಚಿಮ್ಮಿದಳೆಂದೂ ಪರಂಪರೆಯು ಹೇಳುವುದು. ಸಿದ್ಧನಿಗೆ ಒಲಿದ ಗಂಗೆಯಾದುದರಿಂದ ಸಿದ್ಧಗಂಗೆಯೆಂಬ ಹೆಸರಾಯಿತು. ಮೆಟ್ಟಿಲುಗಳನ್ನೇರಿ ಸಿದ್ಧಲಿಂಗೇಶ್ವರನ ಗುಡಿಯನ್ನೂ ಆ ಗಂಗೆಯ ನೆಲೆಯನ್ನೂ ಇಂದಿಗೂ ದರ್ಶಿಸಬಹುದು.

ಆ ಕಥೆಯ ಮರ್ಮವನ್ನು ಯೋಚಿಸಿರಿ. ಗಂಗೆಯು ಬಂದುದು ಗುರುವಿನ ಸ್ವಂತ ದಾಹಕ್ಕಲ್ಲ, ಮತ್ತೊಬ್ಬರ ದಾಹಕ್ಕೆ. ಆ ಅರ್ಥವನ್ನೇ ಅಲ್ಲಿನ ಗುರುಪರಂಪರೆಯು ಕಾಯಕವಾಗಿ ಬೆಳೆಸಿತು. ಶ್ರೀ ಉದ್ಧಾನ ಶಿವಯೋಗಿಗಳು ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಮಾಗಡಿ ಸೀಮೆಯ ವೀರಾಪುರದಲ್ಲಿ ೧೯೦೭ರಲ್ಲಿ ಜನಿಸಿದ ಶ್ರೀ ಶಿವಕುಮಾರ ಸ್ವಾಮಿಗಳು ೧೯೩೦ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, ೧೯೪೧ರಲ್ಲಿ ಮಠದ ಹೊಣೆಯನ್ನು ಹೊತ್ತು, ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವವರೆಗೆ, ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ನಡೆಸಿದರು. ಮಳೆ ಕಡಮೆಯಾದ ಬಯಲುಸೀಮೆಯ ಒಂದು ಕಲ್ಲುಗುಡ್ಡದ ತಪ್ಪಲಲ್ಲಿ ಒಲೆಯು ಆರದೆ ಉರಿಯಿತು. ಬಂಡೆಯಿಂದ ಗಂಗೆ ಬಂದ ಪವಾಡವನ್ನು ನಂಬಲು ಹಿಂಜರಿಯುವವನೂ ಈ ಪವಾಡವನ್ನು ಕಣ್ಣಾರೆ ಕಂಡು ಕೈಮುಗಿಯಬೇಕು.

ಸಿದ್ಧಗಂಗೆಗೆ ಸಮೀಪದಲ್ಲಿಯೇ ಇರುವ ದೇವರಾಯನದುರ್ಗವನ್ನೂ ಯಾತ್ರಿಕನು ನೋಡಿ ಬರುವುದು ಒಳ್ಳೆಯದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಹೆಸರನ್ನು ಹೊತ್ತಿರುವ ಆ ದುರ್ಗದ ಮೇಲೆ ನರಸಿಂಹನ ದೇವಾಲಯಗಳೂ, ತಪ್ಪಲಿನ ಕಾಡಿನಲ್ಲಿ ಶ್ರೀರಾಮನ ಕಥೆಯೊಡನೆ ತಳಕು ಹಾಕಿಕೊಂಡ ನಾಮದಚಿಲುಮೆಯೂ ಇರುವುವು. ಶಿಂಷಾ, ಜಯಮಂಗಲಿ ಎಂಬ ನದಿಗಳಿಗೂ ಆ ಬೆಟ್ಟಗಳೇ ತವರು. ಶಿಂಷೆಯು ಕಾವೇರಿಯನ್ನೂ, ಜಯಮಂಗಲಿಯು ಉತ್ತರಪಿನಾಕಿನಿಯನ್ನೂ ಸೇರಿಕೊಳ್ಳುವುವು.

ಯಾತ್ರಿಕನ ಧರ್ಮ

ಈಗ ಮೊದಲಿನ ಶಂಕೆಗೆ ಮರಳೋಣ. ಇಷ್ಟಲಿಂಗನಿಷ್ಠನಾದ ಭಕ್ತನು ಈ ಗಿರಿಗಳಿಗೆ ಪುಣ್ಯಸಂಪಾದನೆಗಾಗಿ ಹೋಗಬೇಕಾಗಿಲ್ಲ. ಋಣವನ್ನು ಅರಿಯುವುದಕ್ಕಾಗಿ ಹೋಗಬೇಕು. ಅಷ್ಟಾವರಣಗಳಲ್ಲಿ ಪಾದೋದಕವೂ ಒಂದೆಂಬುದನ್ನು ನಮ್ಮಲ್ಲಿ ಅರಿಯದವರಾರು? ಗುರುಜಂಗಮರ ಪಾದದಿಂದ ಬಂದ ಉದಕವನ್ನು ಒಂದು ಹನಿಯೂ ನೆಲಕ್ಕೆ ಬೀಳದಂತೆ ಸ್ವೀಕರಿಸುವುದು ನಮ್ಮ ಆಚಾರವು. ಗಿರಿಯ ಪಾದದಿಂದ ಹೊರಟು ಬರುವ ನೀರೂ ಪಾದೋದಕವಲ್ಲದೆ ಮತ್ತೇನು? ಪ್ರಸಾದವನ್ನು ಚೆಲ್ಲಬಾರದೆಂದು ಮಕ್ಕಳಿಗೆ ಕಲಿಸುವ ನಾವು ಕೆರೆಯ ಬಾಯಿಗೆ ಕಸವನ್ನು ಸುರಿಯುವುದು ಎಂಥ ಆಚಾರವು?

ಆದುದರಿಂದ ಭಕ್ತರಲ್ಲಿ ಕೆಲವು ವಿನಂತಿಗಳು. ಗಿರಿಗೆ ಹೋಗುವವರು ಬಿಸಿಲೇರುವ ಮುನ್ನವೇ ಹತ್ತಲು ತೊಡಗಬೇಕು. ಶಿವಗಂಗೆಯ ಮೇಲಿನ ಬಂಡೆಗಳು ಮಳೆಯಲ್ಲಿ ಜಾರುವುದರಿಂದ ಮುದುಕರೂ ಮಕ್ಕಳೂ ಒಳಕಲ್ಲು ತೀರ್ಥದವರೆಗೆ ಹೋಗಿ ತೃಪ್ತರಾಗುವುದು ಕ್ಷೇಮಕರ. ಕುಡಿಯುವ ನೀರನ್ನು ಮನೆಯಿಂದಲೇ ತಂಬಿಗೆಯಲ್ಲಿ ಒಯ್ದು, ತಂಬಿಗೆಯನ್ನು ಮನೆಗೇ ತರುವುದು ಹಿರಿಯರ ಪದ್ಧತಿಯು. ಅದರ ಬದಲು ಪ್ಲಾಸ್ಟಿಕ್ ಸೀಸೆಗಳನ್ನು ಬಂಡೆಯ ಸಂದಿಗಳಲ್ಲಿ ತುರುಕಿ ಬರುವುದು ತೀರ್ಥಕ್ಕೆ ಬಗೆಯುವ ದ್ರೋಹ. ಕೋತಿಗಳಿಗೆ ತಿಂಡಿಯೆಸೆದು ಅವುಗಳನ್ನು ಭಿಕ್ಷುಕರನ್ನಾಗಿ ಮಾಡಬಾರದು. ಕಲ್ಲಿನ ಮೇಲೆ ಹೆಸರನ್ನು ಕೊರೆದು ಅಮರರಾಗಲು ಯಾರೂ ಬಯಸದಿರಲಿ. ಅರಸರ ಹೆಸರುಗಳನ್ನೇ ಕಾಲವು ಅಳಿಸಿರುವಾಗ ನಮ್ಮ ಹೆಸರು ಎಷ್ಟರದು?

ಇದಕ್ಕಿಂತ ಮುಖ್ಯವಾದ ವಿನಂತಿಯು ಇನ್ನೊಂದು. ಬೆಟ್ಟವನ್ನು ನೋಡಿ ಬಂದವನು ತನ್ನ ಊರ ಕೆರೆಯ ಏರಿಯ ಮೇಲೆ ಒಮ್ಮೆ ನಡೆದುಬರಲಿ. ಸಿಂಗಾಪುರದವನಾದರೆ ಸಿಂಗಾಪುರದ ಕೆರೆಯ ಮೇಲೆ, ಯಲಹಂಕದವನಾದರೆ ಯಲಹಂಕದ ಕೆರೆಯ ಮೇಲೆ. ಮಳೆಯ ನೀರು ಆ ಕೆರೆಗೆ ಬರುವ ದಾರಿ ಯಾವುದು, ಅದನ್ನು ಮುಚ್ಚಿದುದು ಯಾವುದು ಎಂದು ಹಿರಿಯರನ್ನು ಕೇಳಿ ತಿಳಿಯಲಿ. ಶ್ರೀಮಠದ ಮಹೋತ್ಸವಕ್ಕೆ ಬಂದ ಒಂದೊಂದು ಗ್ರಾಮದ ಭಕ್ತರೂ ತಮ್ಮ ಕೆರೆಯ ಒಂದು ಕಾಲುವೆಯನ್ನಾದರೂ ಹೂಳೆತ್ತಿ ಬಿಡಿಸಿದರೆ ಅದು ಈ ಉತ್ಸವಕ್ಕೆ ಸಲ್ಲುವ ನಿಜವಾದ ಕಾಣಿಕೆಯಾಗುವುದು. ಸೊನ್ನಲಿಗೆಯ ಸಿದ್ಧರಾಮನು ಹಿಡಿದ ಗುದ್ದಲಿಯು ಯಾರ ಕೈಗೂ ಭಾರವಲ್ಲ.

ನಂದಿಯು ಇನ್ನೂ ನಿಂತಿದೆ. ಶಿವಗಂಗೆಯ ಒಳಕಲ್ಲಿನಲ್ಲಿ ಇನ್ನೂ ನೀರಿದೆ. ಸಿದ್ಧಗಂಗೆಯ ಒಲೆಯು ಇನ್ನೂ ಉರಿಯುತ್ತಿದೆ. ಗಿರಿಗಳು ತಮ್ಮ ದಾಸೋಹವನ್ನು ನಿಲ್ಲಿಸಿಲ್ಲ. ಪಂಕ್ತಿಯಲ್ಲಿ ಕುಳಿತ ನಾವು ಎಲೆಯನ್ನು ಶುದ್ಧವಾಗಿಟ್ಟುಕೊಂಡರೆ ಸಾಕು. ಆ ಬುದ್ಧಿಯನ್ನು ಪರಶಿವನು ಸಕಲ ಸದ್ಭಕ್ತರಿಗೂ ಕರುಣಿಸಲೆಂದು ಪ್ರಾರ್ಥಿಸಿ, ಈ ಅಲ್ಪಲೇಖನವನ್ನು ಶ್ರೀಗುರುವಿನ ಪಾದಕ್ಕೆ ಅರ್ಪಿಸುವೆನು.